ಕಿರಾಣಿ ಅಂಗಡಿಯಲ್ಲಿ ಗೋಧಿ ಬಿಟ್ಟವನು

ಮೊದಲೇ ಹೇಳಿಬಿಡುತ್ತೇನೆ. ಮೈದಾ ಗೋಧಿಯಿಂದ ಆಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ಏಕಸಂಬಿಯಲ್ಲಿ ನಮ್ಮದು ಕಿರಾಣಿ ಅಂಗಡಿ. ಕಾಲೇಜು ಬಿಟ್ಟ ಮೇಲೆ ಮೈದಾದ ಚೀಲ ಬಿಚ್ಚುತ್ತಿದ್ದವನು ನಾನೇ, ತೂಗುತ್ತಿದ್ದವನು ನಾನೇ. ಅಪ್ಪನ ದನಿ ತೆಗೆದು "ತಾಜಾ ಮಾಲ ಐತ್ರಿ ಅಕ್ಕಾರ, ಈಗ ಬಂದೈತಿ" ಎಂದು ಹಳೆಯ ಮಾಲು ದಾಟಿಸುತ್ತಿದ್ದವನೂ ನಾನೇ. ಆದರೆ ಆ ಬಿಳಿ ಹಿಟ್ಟು ಎಲ್ಲಿಂದ ಬರುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಸುಣ್ಣದ ಹಾಗೆ ಅದೂ ಎಲ್ಲೋ ನೆಲದಲ್ಲಿ ಸಿಗುತ್ತದೆ ಅಂದುಕೊಂಡಿದ್ದೆನೋ ಏನೋ.

ಈ ದಡ್ಡತನದಿಂದ ನನ್ನ ಹೊಟ್ಟೆ ಕೆಟ್ಟಿತು. ಹೊಟ್ಟೆಗಿಂತ ಹೆಚ್ಚಾಗಿ ನನ್ನ ಮಾತಿನ ಬೆಲೆ ಕೆಟ್ಟಿತು. ಅದರ ಕಥೆ ಇದು.

ಶುರುವಾದದ್ದು ಬೋರಗಾಂವದ ಒಂದು ಮದುವೆಯಲ್ಲಿ. ಊಟ ಮುಗಿದಿತ್ತು. ಯಾರದಾದರೂ ನಕಲು ಮಾಡಿ ತೋರಿಸು ಎಂದು ಎಲ್ಲರೂ ಸೇರಿ ನನ್ನನ್ನು ಎಬ್ಬಿಸಿದ್ದರು. ಕಂಡಕ್ಟರ್ ಆಯಿತು, ಬೀಗರ ಮನೆಯ ಹಿರಿಯರಾಯಿತು. ಆ ಊರಿನ ಮಗ್ಗದ ಸದ್ದು ಬಾಯಲ್ಲಿ ತೆಗೆಯುತ್ತಿದ್ದಾಗ ಹೊಟ್ಟೆಯಲ್ಲಿ ಯಾರೋ ಹಗ್ಗ ಹೊಸೆದಂತಾಯಿತು. ನಾನು ಹೊಟ್ಟೆ ಹಿಡಿದು, ಬಾಗಿ, ಓಡಿದೆ.

ಜನ ಚಪ್ಪಾಳೆ ತಟ್ಟಿದರು.

ಆಮೇಲಿನ ತಿಂಗಳುಗಳಲ್ಲಿ ಚಪ್ಪಾಳೆ ನಿಂತಿತು. ತಿಂದದ್ದು ಉಳಿಯುತ್ತಿರಲಿಲ್ಲ. ಹೊಟ್ಟೆ ಉಬ್ಬುತ್ತಿತ್ತು, ಕೈಕಾಲು ಸೊರಗುತ್ತಿದ್ದವು. ಪ್ಯಾಂಟನ್ನು ಸೊಂಟಕ್ಕೆ ಸುತಳಿಯಿಂದ ಕಟ್ಟಿಕೊಂಡೆ. ಅಂಗಡಿಯಲ್ಲಿ ಸುತಳಿಗೇನೂ ಕೊರತೆಯಿರಲಿಲ್ಲ. ಚಿಕ್ಕೋಡಿಯ ಡಾಕ್ಟರರು ಗುಳಿಗೆ ಬದಲಿಸಿದರು, ಮತ್ತೆ ಬದಲಿಸಿದರು, ಕೊನೆಗೆ ಮಿರಜಕ್ಕೆ ಹೋಗಿ ಎಂದರು.

ಮಿರಜದಲ್ಲಿ ಎಂಡೋಸ್ಕೋಪಿ ಮಾಡಿದರು. ಗಂಟಲೊಳಗೆ ನಳಿಗೆ ಇಳಿಸಿದಾಗ, ಜೀವನದಲ್ಲಿ ಮೊದಲ ಸಲ, ನನಗೆ ಯಾರ ದನಿಯನ್ನೂ ತೆಗೆಯಲಾಗಲಿಲ್ಲ. ಕರುಳಿನ ಒಂದು ಚೂರು ಬಯಾಪ್ಸಿಗೆ ಹೋಯಿತು. ರಿಪೋರ್ಟ್ ಬಂದ ಮೇಲೆ ದೊಡ್ಡ ಡಾಕ್ಟರು ಅಪ್ಪನನ್ನೂ ನನ್ನನ್ನೂ ಎದುರಿಗೆ ಕೂರಿಸಿಕೊಂಡರು. ದಪ್ಪ ಮೀಸೆ, ಮರಾಠಿ ಬೆರೆತ ಕನ್ನಡ. ಮಾತು ಮೀಸೆಯಿಂದಲೇ ಬರುತ್ತಿತ್ತು, ಬಾಯಿ ಕಾಣುತ್ತಿರಲಿಲ್ಲ.

"ಸೀಲಿಯಾಕ್ ಡಿಸೀಸ್. ಗೋಧಿಯೊಳಗ ಗ್ಲುಟೆನ್ ಅಂತ ಇರ್ತದ. ಅದು ಇವನ ಕರುಳಿಗೆ ಆಗೂದಿಲ್ಲ. ಗೋಧಿ ಬಂದ್."

"ಎಷ್ಟ ದಿನಾ ರೀ?" ಅಪ್ಪ ಕೇಳಿದ.

"ಜನ್ಮ ಇರೂ ತನಕ."

ಬಸ್ಸಿನಲ್ಲಿ ಅಪ್ಪನಿಗೆ ಸಮಾಧಾನ ಹೇಳಿದವನು ನಾನೇ. ನಮ್ಮ ಮನೆಯಲ್ಲಿ ನಿತ್ಯ ಜೋಳದ ರೊಟ್ಟಿ, ಅನ್ನ, ಬೇಳೆ. ಚಪಾತಿ ಬಿಟ್ಟರೆ ಸತ್ತು ಹೋಗುತ್ತೇನೆಯೇ? ಆದರೆ ಕಷ್ಟವಿದ್ದದ್ದು ಊಟದಲ್ಲಲ್ಲ, ಒಂದು ಊಟಕ್ಕೂ ಇನ್ನೊಂದಕ್ಕೂ ನಡುವೆ. ಸೊರಗಿದ ಮೈಗೆ ಗಳಿಗೆಗೊಮ್ಮೆ ಹಸಿವು. ಚಹಾದ ಜೊತೆ ಏನು? ಪ್ರಯಾಣದಲ್ಲಿ ಏನು? ಡಾಕ್ಟರು ಆಲೂಗಡ್ಡೆ ತಿನ್ನು ಅಂದಿದ್ದರು. ಜೈನರ ಮನೆ, ನೆಲದೊಳಗೆ ಬೆಳೆದ ಗಡ್ಡೆ ಅವ್ವನ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿಯ ಹೆಸರೂ ಇಲ್ಲ.

ಹಾಗಾಗಿ ಮಾಲು ತರಲು ನಿಪ್ಪಾಣಿಗೆ ಹೋದಾಗಲೆಲ್ಲ ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿದು, ಅದರಲ್ಲಿ ಖಾರಿ ಬಿಸ್ಕೀಟು ಅದ್ದಿ ತಿಂದೆ. ಪದರು ಪದರಾದ, ಬಾಯಲ್ಲಿಟ್ಟರೆ ಕರಗುವ ಖಾರಿ. ಬಚ್ಚಿಟ್ಟುಕೊಂಡೇನೂ ತಿನ್ನಲಿಲ್ಲ. ಮುಂದಿನ ಸಲ ಡಾಕ್ಟರು ಕೇಳಿದಾಗ ಎದೆ ಉಬ್ಬಿಸಿ ಹೇಳಿದೆ: "ಗೋಧಿ ಮುಟ್ಟಿಲ್ಲರಿ. ಬರೇ ಮೈದಾದ ಖಾರಿ."

ಮೀಸೆ ಅಲುಗಲಿಲ್ಲ. ಅಪ್ಪ ನನ್ನ ಮುಖ ನೋಡಿದ. ಕಿರಾಣಿ ವ್ಯಾಪಾರದಲ್ಲಿ ಕೂದಲು ಬೆಳ್ಳಗಾದ ಮನುಷ್ಯ ಆ ಹೊತ್ತಿನಲ್ಲಿ ಎಲ್ಲಿ ಅಡಗಬೇಕು ಎಂದು ಹುಡುಕುತ್ತಿದ್ದ.

ಆ ದಿನದಿಂದ ನಾನು ನಿಜವಾದ ಪಥ್ಯ ಹಿಡಿದೆ. ಖಾರಿ ಇಲ್ಲ, ಟೋಸ್ಟ್ ಇಲ್ಲ, ರವೆ ಇಲ್ಲ, ಸ್ಯಾವಿಗೆ ಇಲ್ಲ. ಗಿರಣಿಯಲ್ಲಿ ಬೇರೆಯವರ ಗೋಧಿ ಬೀಸಿದ ಮೇಲೆ ನಮ್ಮ ಜೋಳ ಹಾಕಿದರೆ ಹಿಟ್ಟು ಬೆರೆಯುತ್ತದೆ ಎಂದು ಅವ್ವ ಮನೆಯ ಬೀಸುವ ಕಲ್ಲನ್ನೇ ಇಳಿಸಿ ತೊಳೆದಳು. ತಾನೇ ಕೂತು ಬೀಸಿದಳು.

ಆದರೂ ಹೊಟ್ಟೆ ನಿಲ್ಲಲಿಲ್ಲ.

ತೂಕ ಮತ್ತೆ ಇಳಿಯಿತು. ಹಿಮೋಗ್ಲೋಬಿನ್ ಇಳಿಯಿತು. ಡಾಕ್ಟರು ಈ ಸಲ ನಿಧಾನವಾಗಿ ಮಾತಾಡಿದರು. ಪಥ್ಯ ಸರಿಯಾಗಿದ್ದೂ ಹೀಗಾಗುತ್ತಿದ್ದರೆ ಒಳಗೆ ಬೇರೆ ಏನೋ ಇರಬಹುದು, ಮುಂದಿನ ಸಲವೂ ಹೀಗೇ ಇದ್ದರೆ ಹೊಟ್ಟೆ ಓಪನ್ ಮಾಡಿ ನೋಡಬೇಕಾಗುತ್ತದೆ ಎಂದರು. ಆ ಬೇರೆ ಏನೋ ಯಾವುದೆಂದು ಅವರು ಹೇಳಲಿಲ್ಲ. ಅಪ್ಪ ಹೊರಗೆ ಕಾರಿಡಾರಿನಲ್ಲಿ ನರ್ಸನ್ನು ಕೇಳಿದ. ಕೇಳಿಸಿಕೊಂಡು ಬಂದವನು ಬೆಂಚಿನ ಮೇಲೆ ಕೂತು ಚಪ್ಪಲಿಯ ಪಟ್ಟಿಯನ್ನು ಸುಮ್ಮನೆ ಸರಿಮಾಡತೊಡಗಿದ. ಅದು ಸರಿಯಾಗೇ ಇತ್ತು.

ಊರಿಗೆ ಬಂದ ಮೇಲೆ ಅಪ್ಪನಿಗೆ ಒಂದೇ ಆಸೆ ಉಳಿದಿತ್ತು. ನಾನು ಕದ್ದು ತಿನ್ನುತ್ತಿರಬೇಕು ಎಂಬ ಆಸೆ. ಕದ್ದು ತಿಂದಿದ್ದರೆ ಆಪರೇಷನ್ ಬೇಡ. ಇದು ನನಗೆ ಈಗ ಅರ್ಥವಾಗುತ್ತದೆ, ಆಗ ಆಗಲಿಲ್ಲ. ಅವನು ನನ್ನ ಜೇಬು ನೋಡುತ್ತಿದ್ದ, ನಿಪ್ಪಾಣಿಯ ಸಂತೆಗೆ ಕಳಿಸುವುದನ್ನೇ ಬಿಟ್ಟ.

"ಎಲ್ಲಿ ತಿಂದಿ, ಖರೇ ಹೇಳ."

"ಎಲ್ಲೂ ತಿಂದಿಲ್ಲಪಾ. ಆಣಿ ಮಾಡ್ಲೇನ?"

"ಊರ ಮಂದೀ ದನಿ ಎಲ್ಲಾ ತಗೀತಿ. ಇದು ನಿಂದ ದನಿ ಅಂತ ನಾ ಹೆಂಗ ನಂಬಲೋ?"

ಯಾರು ಏನೇ ಅಂದರೂ ಅವರ ದನಿಯಲ್ಲೇ ತಿರುಗಿ ಕೊಡುತ್ತಿದ್ದವನು ನಾನು. ಆ ದಿನ ಅಪ್ಪನ ದನಿ ಬಾಯಿಗೆ ಬಂತು, ಹೊರಗೆ ಬರಲಿಲ್ಲ.

ಅವ್ವನೊಬ್ಬಳೇ ನನ್ನನ್ನು ನಂಬಿದಳು. ನಂಬಿದ್ದಕ್ಕೇ ತನಗೆ ಗೊತ್ತಿದ್ದ ಔಷಧ ಎಲ್ಲಾ ಮಾಡಿದಳು.

ಮತ್ತೆ ಮಿರಜಕ್ಕೆ ಹೋಗುವ ದಿನ ಬಂತು. ಡಾಕ್ಟರ ಎದುರು ಕೂತ ಕೂಡಲೇ ಅಪ್ಪ ಒಡೆದುಹೋದ.

"ಇವನ ಮಾತ ನಂಬಬ್ಯಾಡ್ರಿ ಸಾಹೇಬ್ರ. ಇಂವ ನಕಲಿ. ಊರ ತುಂಬ ನಕಲ ಮಾಡಕೋತ ತಿರಗತಾನ. ನಿಮ್ದೂ ಮಾಡ್ಯಾನ."

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು.

"ನಂದೂ ಮಾಡೀಯೇನು?"

"ಮೀಸಿ ಅಷ್ಟರಿ," ಎಂದೆ.

ಅವರು ನಗಲಿಲ್ಲ. ಪೆನ್ನು ಕೆಳಗಿಟ್ಟರು. "ಭಾರೀ ಆತು. ಹಂಗಾರ ನಿಮ್ಮ ಮನೀದೂ ಮಾಡಿ ತೋರಸು. ಬೆಳಿಗ್ಗೆ ಎದ್ದ ಮ್ಯಾಲೆ ಮಲಗೂ ತನಕ. ಯಾರು ಏನ್ ಕೊಡ್ತಾರ, ನೀ ಏನ್ ತಗೋತಿ. ಹೇಳಬ್ಯಾಡ, ಮಾಡು."

ಇಷ್ಟು ಕೆಟ್ಟ ಸಭೆಯ ಎದುರು ನಾನು ಎಂದೂ ನಿಂತಿರಲಿಲ್ಲ. ಒಬ್ಬ ಡಾಕ್ಟರು, ಒಬ್ಬ ಅಪ್ಪ, ಇಬ್ಬರ ಮುಖದಲ್ಲೂ ನಗೆಯಿಲ್ಲ. ಆದರೂ ಎದ್ದು ನಿಂತೆ, ಅವ್ವನಾದೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. "ಅಜ್ಯಾ, ಏಳೋ, ಸೂರ್ಯಾ ನೆತ್ತಿಗೆ ಬಂದಾನ, ಹೊಟ್ಟಿ ಹೆಂಗೈತಿ? ನೋಯಾಕತ್ತೈತೇನ? ತಡಿ." ಇಲ್ಲದ ಡಬ್ಬಿಯ ಮುಚ್ಚಳ ತೆಗೆದೆ. ಇಲ್ಲದ ಹರಳನ್ನು ಬೆರಳಲ್ಲಿ ಒತ್ತಿ ಪುಡಿ ಮಾಡಿದೆ. ಇಲ್ಲದ ಲೋಟದಲ್ಲಿ ತಿರುವಿದೆ. "ಗಟಗಟ ಕುಡಿ, ಮಾರಿ ಸೊಟ್ಟ ಮಾಡಬ್ಯಾಡ."

"ಥಾಂಬ!" ಡಾಕ್ಟರು ಕೈ ಎತ್ತಿದರು. "ನಿಲ್ಲು. ಲೋಟದೊಳಗ ಏನು?"

"ಮಜ್ಜಿಗಿರಿ."

"ಬೆರಳಿನೊಳಗ?"

"ಹಿಂಗರಿ. ಹೊಟ್ಟೀಗೆ ಚಲೋ ಅಲ್ಲರಿ ಅದು? ಮೂರೂ ಹೊತ್ತು ಕೊಡತಾಳ. ನೋವು ಜಾಸ್ತಿ ಆದ ದಿನ ಜಾಸ್ತಿ."

"ಇಷ್ಟ ದಿನಾ ಯಾಕ ಹೇಳಲಿಲ್ಲ?"

"ನೀವು ತಿನ್ನೂದು ಕೇಳಿದ್ರಿ. ಇದು ಔಷಧ ಅಲ್ಲರಿ?"

ಡಾಕ್ಟರು ಅಪ್ಪನ ಕಡೆ ತಿರುಗಿದರು. "ನೀವು ಕಿರಾಣಿ ವ್ಯಾಪಾರಸ್ಥರು. ಅಂಗಡಿಯೊಳಗಿನ ಹಿಂಗಿನ್ಯಾಗ ಏನಿರ್ತದ?"

ಅಪ್ಪನ ಮುಖದ ಬಣ್ಣ ಇಳಿಯುವುದನ್ನು ನಾನು ನೋಡಿದೆ. ಅದನ್ನು ನಕಲು ಮಾಡಲು ಈಗಲೂ ನನಗೆ ಬರುವುದಿಲ್ಲ.

"ಬಾಂಧಾನಿ ಹಿಂಗ ರೀ ಅದು," ಎಂದ, ಬಹಳ ಸಣ್ಣ ದನಿಯಲ್ಲಿ. "ಬರೇ ಹಿಂಗ ಯಾರೂ ಮಾರೂದಿಲ್ಲ. ಅಂಟು ಹಾಕಿ ಕಟ್ಟಿರತಾರ. ಅಂಟು, ಮತ್ತ... ಮೈದಾ."

ಡಾಕ್ಟರು ಪೆನ್ನು ಎತ್ತಿಕೊಂಡು ಚೀಟಿಯ ಮೇಲೆ ಹಿಂಗು ಬಂದ್ ಎಂದು ಬರೆದರು.

ಆಪರೇಷನ್ ಮಾತು ಮುಂದಕ್ಕೆ ಹೋಯಿತು. ರದ್ದಾಗಲಿಲ್ಲ, ಮುಂದಕ್ಕೆ ಹೋಯಿತು. ಹಿಂಗು ಬಿಟ್ಟು ನೋಡಿ, ಆಗಲೂ ಹೊಟ್ಟೆ ಸುಧಾರಿಸದಿದ್ದರೆ ತಡ ಮಾಡುವುದಿಲ್ಲ ಎಂದರು.

ಬಸ್ಸಿನಲ್ಲಿ ಅಪ್ಪ ಒಂದೇ ಮಾತು ಆಡಿದ. "ಅವ್ವಗ ನಾ ಹೇಳತೀನಿ. ನೀ ಬಾಯಿ ಮುಚಗೊಂಡ ಇರು." ಮನೆಗೆ ಬಂದರೆ ಅವ್ವ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು, ದಣಿದು ಬಂದಿರುತ್ತೇನೆಂದು. ಅಪ್ಪ ಅವಳ ಕೈಯಿಂದ ಲೋಟ ತೆಗೆದುಕೊಂಡು ಅಂಗಳಕ್ಕೆ ಚೆಲ್ಲಿದ. ಆಮೇಲೆ ಹೇಳಿದ. ಹಿಂಗಿನಲ್ಲಿ ಮೈದಾ ಇರುವುದು ತನಗೆ ಮೊದಲಿನಿಂದಲೂ ಗೊತ್ತಿತ್ತು, ನೆನಪಿಗೇ ಬರಲಿಲ್ಲ ಎಂಬುದನ್ನೂ ಹೇಳಿದ.

ಅವ್ವ ಅಳಲಿಲ್ಲ. ಒಳಗೆ ಹೋಗಿ ಹಿಂಗಿನ ಡಬ್ಬಿ ತಂದು ಅಪ್ಪನ ಮುಂದೆ ಇಟ್ಟಳು. ಹಿತ್ತಲಿಗೆ ಹೋಗಿ ಕೈ ತೊಳೆದಳು. ತೊಳೆಯುತ್ತಲೇ ಇದ್ದಳು. ನಾನು ಡಾಕ್ಟರ ಮೀಸೆ ಮಾಡಿ ತೋರಿಸಿದೆ. ನೋಡಲಿಲ್ಲ.

ಆಮೇಲೆ ಅವಳು ಹೊಸ ಪದ್ಧತಿ ಶುರು ಮಾಡಿದಳು. ಹಿಂಗಿಲ್ಲದ ಬೇಳೆ, ಜೀರಿಗೆಯ ಒಗ್ಗರಣೆ. ತಿನಿಸು ಒಂದೊಂದೇ. ಮೊದಲು ಮನೆಯಲ್ಲೇ ಹುರಿದ ಶೇಂಗಾ. ತಿಂದೆ, ಕಾದೆವು. ಏನೂ ಆಗಲಿಲ್ಲ. ಆಮೇಲೆ ರಾಜಗಿರಿ ಉಂಡೆ. ತಿಂದೆ, ಕಾದೆವು. ಆಮೇಲೆ ಚುರಮುರಿ, ಕರಿಬೇವು ಹಾಕಿ ಅವಳೇ ಒಗ್ಗರಣೆ ಕೊಟ್ಟದ್ದು. ಅಂಗಡಿಯ ಚುರಮುರಿ ಡಬ್ಬಿಗೆ ಬೇರೆ ಸೇರು, ಆ ಸೇರನ್ನು ಗಿರಾಕಿಗೂ ಮುಟ್ಟಗೊಡುತ್ತಿರಲಿಲ್ಲ. ಹೊಸ ತಿನಿಸು ತಿಂದ ದಿನ ನಾನು ಹಿತ್ತಲಿಗೆ ಹೊರಟರೆ ಮನೆಯಲ್ಲಿ ಉಸಿರು ನಿಲ್ಲುತ್ತಿತ್ತು. ತಿರುಗಿ ಬಂದಾಗ ಅಪ್ಪ ಪೇಪರಿನ ಹಿಂದಿನಿಂದ ಕೇಳುತ್ತಿದ್ದ: "ಪಾಸೋ, ನಪಾಸೋ?" ಒಂದು ಸಲ ಸಜ್ಜೆ ರೊಟ್ಟಿ ತಿಂದು ನಪಾಸಾದೆ. ಅಂದು ಯಾರೂ ಊಟ ಮಾಡಲಿಲ್ಲ. ಆಮೇಲೆ ತಿಳಿಯಿತು, ಆ ಹಿಟ್ಟು ಪಕ್ಕದ ಮನೆಯವರು ಗಿರಣಿಯಿಂದ ತಂದುಕೊಟ್ಟದ್ದು.

ಆದರೆ ದಿನಗಳು ಕಳೆದಂತೆ ಪಾಸಾಗುವುದು ಹೆಚ್ಚಿತು. ಉಗುರಿಗೆ ಕೆಂಪು ಬಂತು. ಸುತಳಿ ಬಿಚ್ಚಿದೆ. ಮಿರಜದಲ್ಲಿ ತೂಕದ ಯಂತ್ರದ ಮೇಲೆ ನಿಂತಾಗ ಡಾಕ್ಟರು ಮುಳ್ಳನ್ನು ನೋಡಿ, ನನ್ನನ್ನು ನೋಡಿ, "ಸದ್ಯಕ್ಕ ಚಾಕು ಬ್ಯಾಡ," ಎಂದರು. ಸದ್ಯಕ್ಕೆ ಎಂಬ ಮಾತನ್ನು ನಾನು ಮರೆತಿಲ್ಲ. ಈಗಲೂ ಹೊಟ್ಟೆ ಸ್ವಲ್ಪ ಗುಡುಗಿದರೆ ಬೆವರುತ್ತೇನೆ. ಮದುವೆಗೆ ಹೋದರೆ ಅವ್ವ ಕಟ್ಟಿಕೊಟ್ಟ ಗಂಟು ಬಿಚ್ಚಿ ಮೂಲೆಯಲ್ಲಿ ಕೂತು ತಿನ್ನುತ್ತೇನೆ. ನಗುವವರಿದ್ದಾರೆ. ನಗಲಿ, ಅವರನ್ನು ನಾನೂ ಬಿಟ್ಟಿಲ್ಲ. ಎದ್ದು ನಿಂತು ಅವರು ಹೋಳಿಗೆ ನುಂಗುವುದನ್ನೇ ಮಾಡಿ ತೋರಿಸುತ್ತೇನೆ.

ಚಾಕು ಬೇಡ ಎನ್ನಿಸಿಕೊಂಡು ಮಿರಜದಿಂದ ಬಂದ ಮೇಲೆ ಅಪ್ಪ ಬಹಳ ಹುರುಪಿನಲ್ಲಿದ್ದ. ತನ್ನ ತಪ್ಪಿಗೆ ಏನಾದರೂ ಮಾಡಲೇಬೇಕು ಎಂದು ಮುಂಬೈಯ ವ್ಯಾಪಾರಿಯೊಬ್ಬನಿಗೆ ಹೇಳಿಕಳಿಸಿ, ಬೆರಳಿನಷ್ಟು ದೊಡ್ಡ ಡಬ್ಬಿಯಲ್ಲಿ ಅಚ್ಚ ಹಿಂಗು ತರಿಸಿದ್ದ. ಮುಚ್ಚಿದ್ದರೂ ಅಡುಗೆಮನೆ ತುಂಬ ವಾಸನೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ಪಕ್ಕದಲ್ಲಿ ಡಬ್ಬಿ ಇಟ್ಟು ಹೇಳಿದ:

"ಹಿಂಗ ಇಲ್ಲದ ಬ್ಯಾಳಿ ಎಷ್ಟ ದಿನಾ ಉಣ್ಣೂದು? ಇದರಾಗ ಹಿಟ್ಟಿಲ್ಲ, ಅಂಟಿಲ್ಲ. ಇವಗೂ ನಡೀತೈತಿ. ನಾ ಖಾತ್ರಿ ಕೊಡ್ತೀನಿ, ಸಾಕಲ್ಲ?"

ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಡಬ್ಬಿಯನ್ನು ಮುಟ್ಟಲಿಲ್ಲ.

"ಮಜ್ಜಿಗ್ಯಾಗ ನಾನೂ ಖಾತ್ರಿಲೇ ಹಾಕಿ ಕೊಟ್ಟಿದ್ನಿರಿ," ಎಂದಳು.