ಬಹುಮಾನ ಬಂದ ವಾಕ್ಯ

ಮಹಾದೇವಿ ಅಕ್ಕಾ, ತವರಿನ ಹೊಲದಲ್ಲಿ ನಿಮ್ಮ ಪಾಲು ಹೋದದ್ದು ನನ್ನ ಮಾತಿನಿಂದ. ಇಷ್ಟನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಆಗ ನಾನು ಕಾನೂನು ಓದುತ್ತಿದ್ದೆ. ನರೋಣಾದ ಶಾಲೆಯಲ್ಲಿ ನಮ್ಮ ಕಾಲೇಜಿನವರು ಕಾನೂನು ಅರಿವು ಶಿಬಿರ ಇಟ್ಟಿದ್ದರು. ಜನರೆದುರು ನಿಂತು ಮಾತಾಡುವುದೂ ನಮಗೊಂದು ಪಾಠ. ಗೆಳತಿಯರು ನನ್ನನ್ನು ಮಾತಿನ ಮಲ್ಲಿ ಎನ್ನುತ್ತಿದ್ದರು — ಮೈಕ್ ಸಿಕ್ಕರೆ ಸುಲಭಕ್ಕೆ ಬಿಡುವವಳಲ್ಲ. ಹಿಂದಿನ ಸಾಲಿನಿಂದ ನೀವು ಎದ್ದು ಕೇಳಿದಿರಿ:

“ಪಂಚಮಿಗಂತ ತವರಿಗಿ ಬಂದೇನ್ರಿ. ಅಣ್ಣ ಉಡಿ ತುಂಬಿ, ಹೊಲದ ಹಕ್ಕು ಬಿಟ್ಟೇನಿ ಅಂತ ಸೈ ಹಾಕು ಅನ್ನಾಕತ್ತಾನ. ಹಾಕಿದ್ರ ಮುಂದ ಪಾಲು ಕೇಳಾಕ ಬರ್ತದೇನ್ರಿ?”

ಪುಸ್ತಕ ನೋಡಿ ಹೇಳುತ್ತೇನೆ ಎನ್ನಬಹುದಿತ್ತು. ಆದರೆ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ತಂದುಕೊಟ್ಟ ವಾಕ್ಯವೊಂದು ನಾಲಿಗೆಯ ತುದಿಯಲ್ಲೇ ಇತ್ತು — “ಹುಟ್ಟಿನಿಂದ ಬಂದ ಹಕ್ಕನ್ನು ಒಂದು ಸಹಿ ಅಳಿಸಲಾರದು!” ಚಪ್ಪಾಳೆ ಬಿತ್ತು. ಸುಳ್ಳೇಕೆ ಹೇಳಲಿ, ತುಂಬಾ ಸಂತೋಷವಾಯಿತು. ತಟ್ಟಿದವರಲ್ಲಿ ನೀವೂ ಇದ್ದಿರಿ.

ಹಕ್ಕು ಬಿಟ್ಟ ಕಾಗದ ನೋಂದಣಿಯಾದರೆ ಪಾಲು ಹೋದಂತೆಯೇ. ಪರೀಕ್ಷೆಗೆ ಓದುವಾಗ ಅದು ತಿಳಿಯಿತು. ನರೋಣಾಕ್ಕೆ ಬಸ್ಸಿತ್ತು — ನಾನು ಹತ್ತಲಿಲ್ಲ.

ಮುಂದೆ ಆಳಂದದ ಬಸ್ ನಿಲ್ದಾಣದಲ್ಲಿ ನೀವೇ ಸಿಕ್ಕಿರಿ. “ನೀವು ಹೇಳಿದ್ರಂತ ಧೈರ್ಯ ಬಂತ್ರಿ. ಸೈ ಹಾಕಿ ಕೊಟ್ಟೆ. ಅಣ್ಣಗೂ ಖುಷಿ, ನನ್ನ ಹಕ್ಕೂ ಉಳೀತು.” ಆಗಲೇ ಬಾಯಿ ಬಿಟ್ಟಿದ್ದರೆ ಕಾಗದ ರದ್ದು ಮಾಡಿಸಲು ಕೋರ್ಟಿಗಾದರೂ ಹೋಗಬಹುದಿತ್ತೇನೋ... ಆದರೆ ನನ್ನ ಹೆಸರು ಕೆಡುತ್ತದಲ್ಲ! “ಚಲೋ ಆತ್ರಿ” ಎಂದು ಅಫಜಲಪುರದ ಬಸ್ ಹತ್ತಿದೆ.

ಈಗ ಜೇವರ್ಗಿಯಲ್ಲಿ ವಕೀಲಿ ಮಾಡುತ್ತೇನೆ. ಹೋದ ವಾರ ನೀವು ನನ್ನನ್ನು ಹುಡುಕಿಕೊಂಡು ಬಂದಿರಿ. ಗಂಡ ತೀರಿಕೊಂಡ ಮೇಲೆ ಪಾಲು ಕೇಳಲು ಹೋದರೆ, ಅಣ್ಣ ಆ ಕಾಗದ ತೋರಿಸಿ ಕಳಿಸಿದನಂತೆ. ಅದರ ನಕಲನ್ನು ಓದಿದೆ; ನೋಂದಣಿಯಾಗಿತ್ತು. ಕಷ್ಟವಿದೆ ಎಂದೆ. ಮುಖ ಎತ್ತಲಾಗಲಿಲ್ಲ. ನೀವೇ ನನ್ನನ್ನು ಸಮಾಧಾನ ಮಾಡಿದಿರಿ:

“ನಿಮ್ಮದೇನು ತಪ್ಪಿಲ್ರಿ. ನೀವು ಬರೋಬರಿನೇ ಹೇಳಿರ್ತೀರಿ. ಓದು ಬರಲಾರದಾಕಿ ನಾನು, ಏನೋ ತಪ್ಪು ಕೇಳಿಸ್ಕೊಂಡಿರಬೇಕು.”

ಆಗಲೂ ನಾನು ಸುಮ್ಮನಿದ್ದೆ. ಆ ಮೌನ ಎಲ್ಲಕ್ಕಿಂತ ದೊಡ್ಡ ತಪ್ಪು.

ನಿಮಗೆ ಓದುವ ತೊಂದರೆ ಬೇಡವೆಂದು ಇದನ್ನು ಫೋನಿನಲ್ಲಿ ನನ್ನ ದನಿಯಲ್ಲೇ ಕಳಿಸುತ್ತಿದ್ದೇನೆ. ನಾಳೆ ನಿಮ್ಮ ಮನೆಗೆ ಬರುತ್ತೇನೆ ಅಕ್ಕಾ, ನಿಮ್ಮ ಅಣ್ಣನನ್ನೂ ಕರೆಸಿ. ಅವರ ಎದುರಿಗೇ ಹೇಳುವುದಿದೆ — ನೀವು ಸರಿಯಾಗಿಯೇ ಕೇಳಿಸಿಕೊಂಡಿದ್ದಿರಿ.