ಚಹಾಪುಡಿ ಇಲ್ಲದ ಚಹಾ

ನಿಜಾಮರ ಕಾಲದಲ್ಲಿ ಜೇವರ್ಗಿಯ ತಹಸೀಲ ಕಚೇರಿಯೆದುರು ಅರ್ಜಿ ಬರೆಯುವವರೊಬ್ಬರು ಕೂರುತ್ತಿದ್ದರು. ಜನ ಕನ್ನಡದಲ್ಲಿ ಹೇಳಿದ್ದನ್ನು ಉರ್ದುವಿನಲ್ಲಿ ಬರೆಯುತ್ತಿದ್ದರು. ಸಿಟ್ಟಿನಲ್ಲಿ ಹೇಳಿದ ಅರ್ಜಿಯಲ್ಲಿ ಬೈಗುಳ ಸೇರಿದರೆ ಸಾಹೇಬರು ವಾಪಸು ಕಳಿಸುತ್ತಾರೆಂದು, ಬಂದವರಿಗೆಲ್ಲ ಮೊದಲು ಚಹಾ ಕೊಡುತ್ತಿದ್ದರು. ಅದರಲ್ಲಿ ಚಹಾಪುಡಿ ಇರುತ್ತಿರಲಿಲ್ಲ. ಹವೀಜ ಅಂದರೆ ಕೊತ್ತಂಬರಿ ಬೀಜ, ಬಡೇಸೋಪು, ಒಣಗಿದ ಗುಲಾಬಿ ಎಸಳು ಕುದಿಸಿದ ನೀರು. "ಮೊದಲ ಕುಡೀರಿ, ಆಮ್ಯಾಲ ಹೇಳ್ರಿ" ಎನ್ನುತ್ತಿದ್ದರು. ಕಚೇರಿಯಲ್ಲಿ ನಕಲು ಬರೆಯುತ್ತಿದ್ದ ನಾನೂ ಕುಡಿದಿದ್ದೇನೆ. ಉಪ್ಪು ಮರೆತ ಸಾರಿನಂತಿತ್ತು.

ಒಮ್ಮೆ ಅಂದೋಲಾ ಊರಿನ ರೈತನೊಬ್ಬ ಬಾವಿಯ ನೀರಿಗಾಗಿ ತಮ್ಮನ ಮೇಲೆ ಅರ್ಜಿ ಕೊಡಲು ಬಂದ. ಎರಡು ಕಪ್ಪು ಕುಡಿದು ಶಾಂತನಾದ.

"ಸಿಟ್ಟಿನಾಗ ಎರಡ ಮಾತು ಹೇಳಾಂವ ಇದ್ದೆ. ಈಗ ಎಲ್ಲಾ ನೆನಪಾಗಾಕತ್ತದ, ಬರ್ಕೋರಿ" ಎಂದ.

ನಾಲ್ಕು ಹಾಳೆ ತುಂಬಿತು. ಅಷ್ಟರಲ್ಲಿ ಅಣ್ಣನನ್ನು ತಡೆಯಲು ತಮ್ಮ ಓಡಿಬಂದ. ಅರ್ಜಿಯವರು ಅವನಿಗೂ ಚಹಾ ಕುಡಿಸಿ, ಬರೆದದ್ದನ್ನು ಕನ್ನಡದಲ್ಲಿ ಹೇಳಿದರು. ತಮ್ಮ ಗಮನವಿಟ್ಟು ಕೇಳಿದ.

"ಅಣ್ಣಾ, ನಿನ್ನ ಮದುವ್ಯಾಗ ನಿನ್ನ ಹೊಸಾ ಚಪ್ಪಲಿ ನಾ ಹಾಕ್ಕೊಂಡು ಹೋಗಿದ್ದು ಬರ್ಸೋದು ಬಿಟ್ಟೀಯಲ್ಲ."

"ನೀನ ಏನಲೇ ಅದು? ಮಾವ ಒಯ್ದಾನಂತ ತಿಳಿದು ನಾ ಅವನ ಕೂಡ ಇವತ್ತಿನ ತನಕ ಮಾತು ಬಿಟ್ಟೇನಲ್ಲೋ."

ಅಣ್ಣ ಅರ್ಜಿಯವರತ್ತ ತಿರುಗಿದ.

"ಬಾವಿ ಮಾತು ಇರ್ಲಿ ಬಿಡ್ರಿ, ಮನ್ಯಾಗ ಮುಗಿಸ್ಕೋತೇವಿ. ಚಪ್ಪಲಿದಷ್ಟ ಕನ್ನಡದಾಗ ಬರ್ದು ಕೊಡ್ರಿ, ಮಾವಗ ಓದಿ ಹೇಳ್ಬೇಕು."

ಅರ್ಜಿಯವರು ನಾಲ್ಕೂ ಹಾಳೆಗಳನ್ನು ಮಡಚಿಟ್ಟು, ತಮಗೇ ಒಂದು ಕಪ್ಪು ತುಂಬ ಬಗ್ಗಿಸಿಕೊಂಡರು.