ಲೆಕ್ಕಕ್ಕೆ ಬಾರದ ಆರು ವಾರ

ಮೂರು ವರ್ಷದ ಹಿಂದೆ ನಾನು ಒಂದು ಸಮೀಕ್ಷೆಗೆ ತಾತ್ಕಾಲಿಕವಾಗಿ ಮಾಹಿತಿ ಸಂಗ್ರಹಿಸುತ್ತಿದ್ದೆ. ಅದುವರೆಗೆ ಜಮಖಂಡಿಯಲ್ಲಿ ಮನೆಯೇ ನನ್ನ ಕೆಲಸ. ಕಾನ್ವೆಂಟಿನ ಸಿಸ್ಟರುಗಳು ತಿದ್ದಿಸಿದ ದುಂಡಗಿನ ಅಕ್ಷರ ನೋಡಿಯೇ ನನ್ನನ್ನು ಆರಿಸಿರಬೇಕು.

ವಿಶ್ವವಿದ್ಯಾಲಯ ಮತ್ತು ಅದರ ಕಾಲೇಜುಗಳು ವಿದ್ಯಾರ್ಥಿಯ ಸಾಧನೆಗೆ ಎಷ್ಟು ಕೊಟ್ಟಿವೆ ಎಂದು ಅಳೆಯಬೇಕಿತ್ತು. ಪಿಯುಸಿ ಅಂಕ ನೋಡಿ ಪದವಿಯಲ್ಲಿ ಎಷ್ಟು ಬರಬಹುದೆಂದು ಕಂಪ್ಯೂಟರ್ ಅಂದಾಜಿಸುತ್ತದೆ. ಅದಕ್ಕಿಂತ ಹೆಚ್ಚು ಬಂದದ್ದು ಕಾಲೇಜಿನ ಕೊಡುಗೆ. ಕೇಳಲು ಎಷ್ಟು ನ್ಯಾಯವಾಗಿತ್ತು!

ನನ್ನ ಪಾಲಿಗೆ ಬನಹಟ್ಟಿಯ ಒಂದು ಸಣ್ಣ ಕಾಲೇಜು ಬಂತು. ಕೊಡುಗೆ ಕಡಿಮೆ ಕಂಡರೆ ಬಿ.ಎಸ್ಸಿ. ವಿಭಾಗ ಮುಚ್ಚುವುದೆಂದು ಆಡಳಿತ ಮಂಡಳಿ ಮೊದಲೇ ಹೇಳಿತ್ತು. ಓದುವವರು ಹೆಚ್ಚಾಗಿ ನೇಕಾರರ ಮನೆಯ ಹುಡುಗಿಯರು. ಮಗ್ಗದ ಕೆಲಸ ಮುಗಿಸಿ ಬಂದವರ ಜಡೆಯಲ್ಲಿ ನೂಲಿನ ತುಣುಕು ಅಂಟಿರುತ್ತಿತ್ತು.

ಇಪ್ಪತ್ತೆರಡು ಫಾರಂ ತುಂಬಿದ ಮೇಲೆ, ಕೊನೆಯ ವರ್ಷದ ಭಾಗ್ಯಾ ಪಿಯುಸಿಯ ಎರಡು ಅಂಕಪಟ್ಟಿ ಮುಂದಿಟ್ಟಳು. ಗಣಿತದಲ್ಲಿ ಮೊದಲು ಹತ್ತೊಂಬತ್ತು, ಮರುಪರೀಕ್ಷೆಯಲ್ಲಿ ಎಪ್ಪತ್ತೊಂದು.

"ಇದ್ಹೆಂಗ ಆತವಾ?"

"ಕಸ್ತೂರಿ ಮೇಡಂ ಕಲಿಸಿದ್ರಿ, ಇದ ಕಾಲೇಜಿನ ಪಡಸಾಲ್ಯಾಗ. ನಪಾಸಾದೋರ್ನ ಹುಡಿಕ್ಕೋತ ಓಣಿ ಓಣಿ ತಿರಗಿದ್ರು. ನಮ್ಮಪ್ಪಗ, 'ಮಗ್ಗ ಏನ್ ಓಡಿ ಹೊಕ್ಕೈತೇನ್ರಿ? ಆರು ವಾರ ಹುಡುಗಿನ್ನ ಕಳಸ್ರಿ' ಅಂದ್ರು. ಬರೋ ವರ್ಷ ನನ್ನ ತಂಗಿನ್ನೂ ಇಲ್ಲೇ ಹಚ್ಚೋದೈತ್ರಿ."

ವಿಚಾರಿಸಿದರೆ, ಅರ್ಧಕ್ಕರ್ಧ ಹುಡುಗಿಯರು ಹೀಗೆಯೇ ಬಂದವರು. ಫಾರಂನಲ್ಲಿ ಮಾತ್ರ ಪ್ರವೇಶದ ವೇಳೆಯ ಅಂಕಕ್ಕಷ್ಟೇ ಜಾಗ. ಭಾಗ್ಯಾ ಎಪ್ಪತ್ತೊಂದರಿಂದ ಶುರುಮಾಡಿದವಳು. ಪದವಿಯಲ್ಲೂ ಅಷ್ಟೇ ಬಂದರೆ ಕಾಲೇಜು ಏನೂ ಕೊಟ್ಟಿಲ್ಲವೆಂದು ಅರ್ಥ.

ಮೇಲ್ವಿಚಾರಕರಿಗೆ ಫೋನ್ ಮಾಡಿದೆ.

"ಪ್ರವೇಶಕ್ಕೆ ಮುಂಚಿನದು ಕಾಲೇಜಿನ ಕೊಡುಗೆ ಆಗಲ್ಲ ಮೇಡಂ. ಬೇಕಾದ್ರೆ ಷರಾದಲ್ಲಿ ಬರೀರಿ."

"ಷರಾ ಯಾರು ಓದ್ತಾರೆ?"

"ಕಂಪ್ಯೂಟರ್ ಅಂತೂ ಓದಲ್ಲ."

ಗಣಿತದ ಕಸ್ತೂರಿ ಮೇಡಂ ಕೈಗೆ ಹತ್ತಿದ ಸುಣ್ಣದಕಡ್ಡಿಯ ಪುಡಿ ಝಾಡಿಸುತ್ತ ನಕ್ಕರು. "ಪಾಯಾ ಹಾಕಿದ್ದು ಲೆಕ್ಕಕ್ಕಿಲ್ಲ, ಬಣ್ಣಾ ಹಚ್ಚಿದ್ದಷ್ಟ ಲೆಕ್ಕ. ಬರ್ಕೋರಿ ಅಕ್ಕಾರ, ನೀವರೆ ಏನ್ ಮಾಡ್ತೀರಿ?"

ಸಿಟ್ಟಿಗೆ ಎಲ್ಲ ಫಾರಂಗಳ ಷರಾವನ್ನೂ ಅಂಚಿನವರೆಗೆ ತುಂಬಿದೆ. ವರದಿಯಲ್ಲಿ ಕಾಲೇಜಿನ ಕೊಡುಗೆಯ ಎದುರು ಬಂದದ್ದು ಒಂದೇ ಪದ: ನಗಣ್ಯ. ಮರುವರ್ಷ ಬಿ.ಎಸ್ಸಿ. ಪ್ರವೇಶ ನಿಂತಿತು. ತಂಗಿಯನ್ನು ದಿನಾ ಜಮಖಂಡಿಗೆ ಕಳಿಸಲು ಭಾಗ್ಯಾಳ ಅಪ್ಪ ಒಪ್ಪಲಿಲ್ಲ.

ಮೊದಲ ಅಂಕಣ ತುಂಬುವ ಮುನ್ನ, ಅದಕ್ಕೂ ಹಿಂದೆ ಏನು ನಡೆದಿತ್ತೆಂದು ಕೇಳಬೇಕು. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ನಾನು ಕೇಳಿದ್ದು ಇಪ್ಪತ್ತಮೂರನೆಯ ಫಾರಂ ಹೊತ್ತಿಗೆ.

ಕಳೆದ ಬೇಸಿಗೆಯಲ್ಲಿ ಆ ದಾರಿಯಾಗಿ ಹೋದೆ. ಈಗ ಬಿ.ಕಾಂ.ಗೆ ಪಾಠ ಹೇಳುವ ಕಸ್ತೂರಿ ಮೇಡಂ, ಅದೇ ಪಡಸಾಲೆಯಲ್ಲಿ ನಪಾಸಾದ ಹುಡುಗಿಯರಿಗೆ ಗಣಿತ ಹೇಳಿಕೊಡುತ್ತಿದ್ದರು. ಪಾಸಾದ ಮೇಲೆ ಸೇರಲು ಅಲ್ಲಿ ಅವರಿಗೆ ಬಿ.ಎಸ್ಸಿ. ವಿಭಾಗವೇ ಇರಲಿಲ್ಲ.